ರೇವಾ (ವಿದ್ಯುತ್ ಕಾರು)

ರೇವಾ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯು ತಯಾರಿಸಿದ, ಬ್ಯಾಟರಿಯಿಂದ ಚಲಿಸುವ ಎರಡು ಬಾಗಿಲುಗಳ ಸಣ್ಣ ಕಾರು. 2001ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಕಾರು ದೇಶದಲ್ಲಿ ವಾಣಿಜ್ಯ ಪ್ರಮಾಣದಲ್ಲಿ ತಯಾರಾಗಿ ಸಾರ್ವಜನಿಕರಿಗೆ ಮಾರಾಟವಾದ ಮೊದಲ ವಿದ್ಯುತ್ ಕಾರುಗಳಲ್ಲಿ ಪ್ರಮುಖವಾದುದು. ಬ್ರಿಟನ್ನಿನಲ್ಲಿ ಇದು 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ಇಬ್ಬರು ವಯಸ್ಕರು ಹಾಗೂ ಹಿಂಬದಿಯಲ್ಲಿ ಇಬ್ಬರು ಮಕ್ಕಳು ಕುಳಿತುಕೊಳ್ಳಬಹುದಾದ ಈ ವಾಹನವನ್ನು ನಗರದೊಳಗಿನ ಸಂಚಾರಕ್ಕೆಂದೇ ರೂಪಿಸಲಾಗಿತ್ತು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳಾಗಲಿ, ಬ್ಯಾಟರಿ ಬಲ್ಲ ಮೆಕ್ಯಾನಿಕ್‌ಗಳಾಗಲಿ ಇಲ್ಲದ ಕಾಲದಲ್ಲಿ ಬಂದ ಕಾರಣ, ವಿದ್ಯುತ್ ಕಾರಿನ ಮಾಲೀಕರು ದಿನನಿತ್ಯ ಎದುರಿಸುವ ತೊಡಕುಗಳು ಭಾರತದಲ್ಲಿ ಮೊದಲು ಅನುಭವಕ್ಕೆ ಬಂದದ್ದು ಬಹುಮಟ್ಟಿಗೆ ಈ ಕಾರಿನಿಂದಲೇ.

ಹೆಸರು

'ರೇವಾ' ಎಂಬುದು 'ರೆವಲ್ಯೂಷನರಿ ಎಲೆಕ್ಟ್ರಿಕ್ ವೆಹಿಕಲ್ ಆಲ್ಟರ್ನೇಟಿವ್' ಎಂಬುದರ ಸಂಕ್ಷಿಪ್ತ ರೂಪ. ಸಂಸ್ಥಾಪಕ ಚೇತನ್ ಮೈನಿ ಅವರ ತಾಯಿಯ ಹೆಸರೂ ರೇವಾ. ನರ್ಮದಾ ನದಿಗೂ ರೇವಾ ಎಂಬ ಹೆಸರಿರುವುದರಿಂದ ಭಾರತೀಯ ಕಿವಿಗೆ ಈ ಪದ ಪರಿಚಿತವಾದುದು.

ಇತಿಹಾಸ

ಹಿನ್ನೆಲೆ

ಚೇತನ್ ಮೈನಿ ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ 'ಸನ್‌ರನ್ನರ್' ಎಂಬ ಸೌರಶಕ್ತಿ ಕಾರನ್ನು ನಿರ್ಮಿಸಿದ ವಿದ್ಯಾರ್ಥಿ ತಂಡದಲ್ಲಿದ್ದರು. ಈ ಕಾರು 1990ರಲ್ಲಿ ಅಮೆರಿಕದ ಸನ್‌ರೇಸ್ ಸ್ಪರ್ಧೆಯನ್ನು ಗೆದ್ದು, ಅದೇ ವರ್ಷ ಆಸ್ಟ್ರೇಲಿಯದಲ್ಲಿ ನಡೆದ ವಿಶ್ವ ಸೌರ ಸ್ಪರ್ಧೆಯಲ್ಲಿ ಮೂರನೆಯ ಸ್ಥಾನ ಪಡೆಯಿತು. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ಮೈನಿ ಅವರು ವಿದ್ಯುತ್ ವಾಹನ ತಂತ್ರಜ್ಞಾನದಲ್ಲಿ ತೊಡಗಿಕೊಂಡರು.

1994ರಲ್ಲಿ ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸಂಸ್ಥೆಯ ವಿದ್ಯುತ್ ವಾಹನ ವಿಭಾಗಗಳು ಜಂಟಿಯಾಗಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಹಲವು ವರ್ಷಗಳ ವಿನ್ಯಾಸ ಹಾಗೂ ಪರೀಕ್ಷೆಗಳ ಬಳಿಕ ಬೆಂಗಳೂರಿನ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಉತ್ಪಾದನೆ ಆರಂಭವಾಗಿ, 2001ರಲ್ಲಿ ಕಾರು ಮಾರಾಟಕ್ಕೆ ಬಂದಿತು.

ಭಾರತದ ಮಾರುಕಟ್ಟೆ

ಭಾರತದಲ್ಲಿ ರೇವಾದ ಮಾರಾಟ ನಿರೀಕ್ಷಿತ ಮಟ್ಟವನ್ನು ಮುಟ್ಟಲಿಲ್ಲ. ಪೆಟ್ರೋಲಿಗೆ ಹೋಲಿಸಿದರೆ ವಿದ್ಯುತ್ತಿನ ವೆಚ್ಚ ಬಹಳ ಕಡಿಮೆಯಾಗಿದ್ದರೂ ಕಾರಿನ ಬೆಲೆ ಅಂದಿನ ಮಾರುತಿ 800ಕ್ಕಿಂತ ಅಗ್ಗವಾಗಿರಲಿಲ್ಲ. ಕುಟುಂಬಕ್ಕೆ ಒಂದೇ ಕಾರು ಕೊಳ್ಳಬಲ್ಲವರು ಊರಿಗೂ ಹೋಗಿಬರಬಲ್ಲ ವಾಹನವನ್ನೇ ಆರಿಸಿಕೊಂಡರು. ಹೀಗಾಗಿ ರೇವಾ ಹೆಚ್ಚಾಗಿ ಮನೆಯಲ್ಲಿ ಈಗಾಗಲೇ ಒಂದು ಕಾರು ಇದ್ದವರ ಎರಡನೆಯ ಕಾರಾಯಿತು. ಗೇರು, ಕ್ಲಚ್ಚುಗಳಿಲ್ಲದ ಕಾರಣ ಹೊಸದಾಗಿ ಚಾಲನೆ ಕಲಿತವರಿಗೂ ಹಿರಿಯ ನಾಗರಿಕರಿಗೂ ಇದನ್ನು ಓಡಿಸುವುದು ಸುಲಭವಾಗಿತ್ತು.

ವಿದ್ಯುತ್ ವಾಹನಗಳಿಗೆ ಕೇಂದ್ರ ಸರ್ಕಾರದ ನೇರ ಸಹಾಯಧನ ದೊರೆತದ್ದು 2010ರ ನವೆಂಬರ್‌ನಲ್ಲಿ, ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯದ ಯೋಜನೆಯ ಮೂಲಕ. ಅದರಡಿ ಕಾರ್ಖಾನೆ ಬೆಲೆಯ ಶೇಕಡ 20ರಷ್ಟು, ಕಾರುಗಳಿಗಾದರೆ ಗರಿಷ್ಠ 1 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತಿತ್ತು. ಈ ಯೋಜನೆ 2012ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ಮುಂದಿನ ಯೋಜನೆಯಾದ 'ಫೇಮ್' ಬಂದದ್ದು 2015ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ರೇವಾದ ಉತ್ಪಾದನೆ ನಿಂತುಹೋಗಿತ್ತು.

ಲಂಡನ್ನಿನಲ್ಲಿ ಜಿ-ವಿಜ್

2003ರ ಫೆಬ್ರವರಿಯಲ್ಲಿ ಲಂಡನ್ ನಗರದ ಕೇಂದ್ರಭಾಗವನ್ನು ಪ್ರವೇಶಿಸುವ ವಾಹನಗಳಿಗೆ ದಟ್ಟಣೆ ಶುಲ್ಕ ಜಾರಿಗೆ ಬಂದಿತು. ವಿದ್ಯುತ್ ವಾಹನಗಳಿಗೆ ಈ ಶುಲ್ಕದಿಂದ ವಿನಾಯಿತಿ ಇತ್ತು. 'ಗೋಯಿಂಗ್ರೀನ್' ಎಂಬ ಸಂಸ್ಥೆ ರೇವಾ ಕಾರುಗಳನ್ನು ಆಮದು ಮಾಡಿಕೊಂಡು, ಮಳಿಗೆಯಿಲ್ಲದೆ ಅಂತರ್ಜಾಲದ ಮೂಲಕವೇ ಮಾರಿತು. ದಿನಂಪ್ರತಿ ಶುಲ್ಕ ಹಾಗೂ ದುಬಾರಿ ಪಾರ್ಕಿಂಗ್ ವೆಚ್ಚವನ್ನು ಉಳಿಸಿಕೊಳ್ಳಬಯಸಿದ ಲಂಡನ್ ನಿವಾಸಿಗಳಿಗೆ ಇದು ಲಾಭದಾಯಕವಾಗಿ ಕಂಡಿತು. ಹೀಗೆ ಬೆಂಗಳೂರಿನಲ್ಲಿ ತಯಾರಾದ ಕಾರಿಗೆ ಅದರ ಅತಿ ದೊಡ್ಡ ಮಾರುಕಟ್ಟೆಗಳಲ್ಲೊಂದು ಲಂಡನ್ನಿನಲ್ಲಿ ದೊರೆಯಿತು. ನಾರ್ವೆ, ನೇಪಾಳ ಸೇರಿದಂತೆ ಬೇರೆ ದೇಶಗಳಲ್ಲಿಯೂ ರೇವಾ ಮಾರಾಟವಾಗಿದೆ. ಜಗತ್ತಿನಾದ್ಯಂತ ಮಾರಾಟವಾದ ಒಟ್ಟು ಕಾರುಗಳ ಸಂಖ್ಯೆ 4,000ವನ್ನು ಮೀರಿತ್ತು.

ಸ್ವಾಮ್ಯದ ಬದಲಾವಣೆ

2006ರ ಡಿಸೆಂಬರ್‌ನಲ್ಲಿ ಡ್ರೇಪರ್ ಫಿಷರ್ ಜರ್ವೆಟ್ಸನ್ ಮತ್ತು ಗ್ಲೋಬಲ್ ಎನ್ವಿರಾನ್ಮೆಂಟ್ ಫಂಡ್ ಸಂಸ್ಥೆಗಳು ಕಂಪನಿಯಲ್ಲಿ 2 ಕೋಟಿ ಡಾಲರ್ ಹೂಡಿದವು. 2010ರ ಮೇ ತಿಂಗಳಿನಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಕಂಪನಿಯು ಶೇಕಡ 55.2ರಷ್ಟು ಪಾಲನ್ನು ಕೊಂಡಿತು. ಕಂಪನಿಯ ಹೆಸರು ಮಹೀಂದ್ರ ರೇವಾ ಎಂದಾಯಿತು. 2012ರಲ್ಲಿ ಬೊಮ್ಮಸಂದ್ರದಲ್ಲಿ ವರ್ಷಕ್ಕೆ 30,000 ಕಾರುಗಳನ್ನು ತಯಾರಿಸುವ ಸಾಮರ್ಥ್ಯದ ಹೊಸ ಕಾರ್ಖಾನೆ ಆರಂಭವಾಯಿತು. ಮೂಲ ರೇವಾದ ಉತ್ಪಾದನೆಯನ್ನು ಅದೇ ವರ್ಷ ನಿಲ್ಲಿಸಿ, 2013ರ ಮಾರ್ಚ್‌ನಲ್ಲಿ ಲಿಥಿಯಂ ಬ್ಯಾಟರಿಯ 'ಇ2ಒ' ಕಾರನ್ನು ಬಿಡುಗಡೆ ಮಾಡಲಾಯಿತು. ಚೇತನ್ ಮೈನಿ ಅವರು ಮುಂದೆ ಬ್ಯಾಟರಿ ವಿನಿಮಯ ವ್ಯವಸ್ಥೆಯನ್ನು ರೂಪಿಸುವ ಸನ್ ಮೊಬಿಲಿಟಿ ಸಂಸ್ಥೆಯ ಸಹ-ಸಂಸ್ಥಾಪಕರಾದರು.

ವಿನ್ಯಾಸ ಮತ್ತು ತಾಂತ್ರಿಕ ವಿವರ

ರೇವಾದ ಹೊರಮೈ ಎಬಿಎಸ್ ಪ್ಲಾಸ್ಟಿಕ್ ಹಲಗೆಗಳಿಂದ ಕೂಡಿದ್ದು, ಒಳಗೆ ಉಕ್ಕಿನ ಕೊಳವೆಗಳ ಚೌಕಟ್ಟು ಇದೆ. ಪ್ಲಾಸ್ಟಿಕ್ ಹೊರಮೈಗೆ ತುಕ್ಕು ಹಿಡಿಯುವುದಿಲ್ಲ. ಸಣ್ಣಪುಟ್ಟ ತಾಗುವಿಕೆಯಿಂದ ನೆಗ್ಗುವುದೂ ಇಲ್ಲ. ಮೋಟಾರು ಹಿಂಬದಿಯಲ್ಲಿದ್ದು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಬ್ಯಾಟರಿಗಳು ಮುಂದಿನ ಆಸನಗಳ ಕೆಳಗಿವೆ. ಮುಖ್ಯ ವಿವರಗಳು ಹೀಗಿವೆ:

• ಉದ್ದ: ಸುಮಾರು 2.6 ಮೀಟರ್, ಅಗಲ: ಸುಮಾರು 1.3 ಮೀಟರ್
• ತೂಕ: ಬ್ಯಾಟರಿ ಹೊರತುಪಡಿಸಿ ಸುಮಾರು 400 ಕಿಲೋಗ್ರಾಂ, ಬ್ಯಾಟರಿ ಸೇರಿ ಸುಮಾರು 665 ಕಿಲೋಗ್ರಾಂ
• ಬ್ಯಾಟರಿ: 6 ವೋಲ್ಟ್, 200 ಆಂಪಿಯರ್-ಗಂಟೆಯ ಎಂಟು ಸೀಸ-ಆಮ್ಲ ಬ್ಯಾಟರಿಗಳು, ಒಟ್ಟು 48 ವೋಲ್ಟ್
• ಚಾರ್ಜಿಂಗ್: 220 ವೋಲ್ಟ್, 15 ಆಂಪಿಯರ್‌ನ ಸಾಮಾನ್ಯ ಸಾಕೆಟ್, ಶೇಕಡ 80ಕ್ಕೆ ಸುಮಾರು ಎರಡೂವರೆ ಗಂಟೆ, ಪೂರ್ಣ ಚಾರ್ಜ್‌ಗೆ ಸುಮಾರು 8 ಗಂಟೆ
• ಒಂದು ಚಾರ್ಜ್‌ಗೆ ಘೋಷಿತ ವ್ಯಾಪ್ತಿ: 80 ಕಿಲೋಮೀಟರ್
• ಗರಿಷ್ಠ ವೇಗ: ಆರಂಭದ ಮಾದರಿಯಲ್ಲಿ ಗಂಟೆಗೆ ಸುಮಾರು 65 ಕಿಲೋಮೀಟರ್, ರೇವಾ-ಐ ಮಾದರಿಯಲ್ಲಿ ಸುಮಾರು 80 ಕಿಲೋಮೀಟರ್

ಆರಂಭದ ಕಾರುಗಳಲ್ಲಿ ಏಕಮುಖ ವಿದ್ಯುತ್ ಮೋಟಾರು ಇತ್ತು. ನಂತರ ಬಂದ ರೇವಾ-ಐ ಮಾದರಿಯಲ್ಲಿ ಮೂರು ಫೇಸಿನ ಪರ್ಯಾಯ ವಿದ್ಯುತ್ ಮೋಟಾರನ್ನು ಅಳವಡಿಸಲಾಯಿತು. ವೇಗ ಕಡಿಮೆ ಮಾಡುವಾಗ ಮೋಟಾರೇ ಜನರೇಟರ್‌ನಂತೆ ಕೆಲಸ ಮಾಡಿ ಬ್ಯಾಟರಿಗೆ ಸ್ವಲ್ಪ ವಿದ್ಯುತ್ತನ್ನು ಹಿಂತಿರುಗಿಸುವ ವ್ಯವಸ್ಥೆ ಎರಡರಲ್ಲಿಯೂ ಇತ್ತು. ಬ್ಯಾಟರಿಯ ಸ್ಥಿತಿಯನ್ನು ಗಮನಿಸುತ್ತಾ, ಉಳಿದ ಚಾರ್ಜನ್ನು ಚಾಲಕರಿಗೆ ತೋರಿಸುವ ಗಣಕ ನಿಯಂತ್ರಿತ ವ್ಯವಸ್ಥೆಯೂ ಕಾರಿನಲ್ಲಿತ್ತು.

2009ರ ಜನವರಿಯಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಮಾದರಿ ಬಂದಿತು. ಅದರ ಘೋಷಿತ ವ್ಯಾಪ್ತಿ 120 ಕಿಲೋಮೀಟರ್. ಅದೇ ವರ್ಷ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ 'ಎನ್‌ಎಕ್ಸ್‌ಆರ್' ಮತ್ತು 'ಎನ್‌ಎಕ್ಸ್‌ಜಿ' ಎಂಬ ಮುಂದಿನ ಪೀಳಿಗೆಯ ಮಾದರಿಗಳನ್ನು ಪ್ರದರ್ಶಿಸಲಾಯಿತು.

ಬಳಕೆ ಮತ್ತು ಪ್ರಾಯೋಗಿಕ ಸಮಸ್ಯೆಗಳು

ವ್ಯಾಪ್ತಿ

48 ವೋಲ್ಟ್ ಮತ್ತು 200 ಆಂಪಿಯರ್-ಗಂಟೆಗಳನ್ನು ಗುಣಿಸಿದರೆ ರೇವಾದ ಬ್ಯಾಟರಿಯ ಒಟ್ಟು ಸಾಮರ್ಥ್ಯ 9.6 ಕಿಲೋವ್ಯಾಟ್-ಗಂಟೆ, ಅಂದರೆ 9.6 ಯೂನಿಟ್ ಎಂದಾಗುತ್ತದೆ. ಘೋಷಿತ 80 ಕಿಲೋಮೀಟರ್ ವ್ಯಾಪ್ತಿಯ ಲೆಕ್ಕದಲ್ಲಿ ಇದು ಕಿಲೋಮೀಟರಿಗೆ ಸುಮಾರು 0.12 ಯೂನಿಟ್. ಆದರೆ ಸೀಸ-ಆಮ್ಲ ಬ್ಯಾಟರಿಯಿಂದ ವಿದ್ಯುತ್ತನ್ನು ಎಷ್ಟು ಬೇಗ ಸೆಳೆಯಲಾಗುತ್ತದೆಯೋ ಅಷ್ಟರಮಟ್ಟಿಗೆ ಅದರಿಂದ ದೊರೆಯುವ ಒಟ್ಟು ವಿದ್ಯುತ್ತೂ ಕುಗ್ಗುತ್ತದೆ. ಆದಕಾರಣ ಏರುರಸ್ತೆ, ಹೆಚ್ಚಿನ ವೇಗ, ಪೂರ್ಣ ಭಾರ, ಗಾಳಿ ಕಡಿಮೆಯಿರುವ ಟೈರು, ಹವಾನಿಯಂತ್ರಣ ಇವುಗಳಲ್ಲಿ ಪ್ರತಿಯೊಂದೂ ವ್ಯಾಪ್ತಿಯನ್ನು ಗಣನೀಯವಾಗಿ ಕಡಿಮೆ ಮಾಡುತ್ತದೆ. ಬ್ಯಾಟರಿ ಹಳೆಯದಾದಂತೆ ಘೋಷಿತ ವ್ಯಾಪ್ತಿಗೂ ನಿಜವಾದ ವ್ಯಾಪ್ತಿಗೂ ನಡುವಿನ ಅಂತರ ಇನ್ನಷ್ಟು ಹಿಗ್ಗುತ್ತದೆ.

ಬೆಂಗಳೂರಿನೊಳಗೆ ಮನೆ-ಕಚೇರಿಗಳ ನಡುವೆ ಓಡಾಡುವವರಿಗೆ 80 ಕಿಲೋಮೀಟರ್ ಸಾಕಾಗುತ್ತಿತ್ತು. ನಗರದಿಂದ ಹೊರಗೆ ಈ ಲೆಕ್ಕ ಬೇರೆಯಾಗುತ್ತದೆ. ಬೆಳಗಾವಿ ಜಿಲ್ಲೆಯ ಗಡಿಭಾಗವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಳಗಾವಿಯಿಂದ ನಿಪ್ಪಾಣಿಗೆ ಸುಮಾರು 75 ಕಿಲೋಮೀಟರ್ ದೂರವಿದ್ದು ನಡುವೆ ವಂಟಮುರಿ ಘಾಟ್ ಇದೆ. ನಿಪ್ಪಾಣಿಯಿಂದ ಮಹಾರಾಷ್ಟ್ರದ ಕೊಲ್ಹಾಪುರಕ್ಕೆ ಹೋಗಿಬರಲು ಸುಮಾರು 80 ಕಿಲೋಮೀಟರ್ ಆಗುತ್ತದೆ. ಇವೆರಡೂ ಹೊಸ ಬ್ಯಾಟರಿಯ ರೇವಾಕ್ಕೂ ಮಿತಿಯ ಅಂಚಿನ ಪ್ರಯಾಣಗಳು. ಅಕ್ಕೋಳದಂತಹ ಊರಿನಿಂದ ನಿಪ್ಪಾಣಿಯ ಮಾರುಕಟ್ಟೆಗೋ ಚಿಕ್ಕೋಡಿಯ ಕಚೇರಿಗಳಿಗೋ ಹೋಗಿಬರುವುದು ಮಾತ್ರ ಇಂತಹ ಕಾರಿನ ವ್ಯಾಪ್ತಿಯೊಳಗೇ ಬರುತ್ತದೆ. ಈ ಕಾರಿನ ಉಪಯುಕ್ತತೆಯನ್ನು ನಿರ್ಧರಿಸುವುದು ವರ್ಷದಲ್ಲಿ ಒಟ್ಟು ಎಷ್ಟು ಓಡಾಟವಿದೆ ಎಂಬುದಲ್ಲ. ಚಾರ್ಜಿಂಗ್ ಸಿಗದ ದಾರಿಯಲ್ಲಿ ಒಮ್ಮೆಗೆ ಎಷ್ಟು ದೂರ ಹೋಗಬೇಕು ಎಂಬುದು.

ದಾರಿಯಲ್ಲಿ ಚಾರ್ಜ್ ಮುಗಿಯುವ ಭಯವನ್ನು ತಗ್ಗಿಸಲು ಕಂಪನಿಯು 2009ರಲ್ಲಿ 'ರಿವೈವ್' ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಚಾಲಕರು ಸೇವಾ ಕೇಂದ್ರಕ್ಕೆ ಕರೆ ಮಾಡಿದರೆ ಅಥವಾ ಸಂದೇಶ ಕಳುಹಿಸಿದರೆ, ಬ್ಯಾಟರಿಯಲ್ಲಿ ಕಾಯ್ದಿರಿಸಿದ ಸ್ವಲ್ಪ ಚಾರ್ಜನ್ನು ದೂರದಿಂದಲೇ ಬಿಡುಗಡೆ ಮಾಡುವುದು ಇದರ ವಿಧಾನ. ಪೆಟ್ರೋಲ್ ವಾಹನಗಳಲ್ಲಿನ 'ರಿಸರ್ವ್' ವ್ಯವಸ್ಥೆಗೆ ಇದನ್ನು ಹೋಲಿಸಬಹುದು.

ಚಾರ್ಜಿಂಗ್

ರೇವಾಕ್ಕೆ ಪ್ರತ್ಯೇಕ ಚಾರ್ಜಿಂಗ್ ಕೇಂದ್ರ ಬೇಕಿರಲಿಲ್ಲ. ಚಾರ್ಜರ್ ಕಾರಿನೊಳಗೇ ಇತ್ತು. ಗೀಸರ್, ಹವಾನಿಯಂತ್ರಕಗಳಿಗೆ ಬಳಸುವ 15 ಆಂಪಿಯರ್‌ನ ದೊಡ್ಡ ಸಾಕೆಟ್ ಸಾಕಾಗುತ್ತಿತ್ತು. ಸ್ವಂತ ಮನೆ ಹಾಗೂ ಕಾರು ನಿಲ್ಲಿಸಲು ಅಂಗಳವಿದ್ದವರಿಗೆ ಇದರಿಂದ ತೊಂದರೆಯಿರಲಿಲ್ಲ. ಬಾಡಿಗೆ ಮನೆಯವರಿಗೆ, ಬೀದಿಯಲ್ಲಿ ಕಾರು ನಿಲ್ಲಿಸುವವರಿಗೆ, ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ನಿಲ್ಲಿಸುವವರಿಗೆ ಇದೇ ಮೊದಲ ಅಡಚಣೆ. ತಮ್ಮ ಮೀಟರಿನಿಂದ ಪಾರ್ಕಿಂಗ್ ಜಾಗದವರೆಗೆ ತಂತಿ ಎಳೆಯಲು ಅನುಮತಿ ಪಡೆಯುವುದು, ಸಾಮಾನ್ಯ ಮೀಟರಿನಿಂದ ವಿದ್ಯುತ್ ಪಡೆದರೆ ಲೆಕ್ಕ ಹಂಚುವುದು ಮುಂತಾದ ಪ್ರಶ್ನೆಗಳು ಇಂದಿನ ವಿದ್ಯುತ್ ಕಾರುಗಳ ಮಾಲೀಕರನ್ನೂ ಕಾಡುತ್ತವೆ.

ಗಂಟೆಗಟ್ಟಲೆ ನಿರಂತರವಾಗಿ ವಿದ್ಯುತ್ ಹರಿಯುವುದರಿಂದ ಸಾಕೆಟ್ ಮತ್ತು ತಂತಿಯ ಗುಣಮಟ್ಟ ಮುಖ್ಯವಾಗುತ್ತದೆ. ಸಡಿಲವಾದ ಪ್ಲಗ್ಗು, ತೆಳುವಾದ ಎಕ್ಸ್‌ಟೆನ್ಷನ್ ತಂತಿ ಬಿಸಿಯಾಗಿ ಕರಗುವ ಅಪಾಯವಿದೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಕಾರಿನ ಲೋಹಭಾಗವನ್ನು ಮುಟ್ಟಿದವರಿಗೆ ಆಘಾತವಾಗಬಹುದು. ಈ ಕಾರಣದಿಂದ ಚಾರ್ಜಿಂಗ್‌ಗೆ ಪ್ರತ್ಯೇಕ ಲೈನು, ಅದಕ್ಕೆ ತಕ್ಕ ಎಂಸಿಬಿ ಮತ್ತು ಸೋರಿಕೆ ವಿದ್ಯುತ್ತನ್ನು ತಡೆಯುವ ಸಾಧನವನ್ನು ಅಳವಡಿಸುವುದು ಸುರಕ್ಷಿತ ಕ್ರಮ. ರಾತ್ರಿ ವೇಳೆ ದೀರ್ಘಕಾಲ ವಿದ್ಯುತ್ ಕಡಿತವಾಗುವ ಊರುಗಳಲ್ಲಿ 8 ಗಂಟೆಯ ಪೂರ್ಣ ಚಾರ್ಜ್ ಬೆಳಗಾಗುವುದರೊಳಗೆ ಮುಗಿಯದಿರುವ ಸಂಭವವೂ ಇರುತ್ತದೆ.

ಬ್ಯಾಟರಿಯ ಆರೈಕೆ

ಸೀಸ-ಆಮ್ಲ ಬ್ಯಾಟರಿಯೇ ರೇವಾದ ಮುಖ್ಯ ದೌರ್ಬಲ್ಯವಾಗಿತ್ತು. ಕಾರಿನ ಒಟ್ಟು ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬ್ಯಾಟರಿಯದೇ ಆಗಿತ್ತು. ಮನೆಗಳ ಇನ್ವರ್ಟರ್ ಬ್ಯಾಟರಿಯಂತೆಯೇ ಇವುಗಳಿಗೂ ಕಾಲಕಾಲಕ್ಕೆ ಬಟ್ಟಿ ಇಳಿಸಿದ ನೀರನ್ನು ತುಂಬಬೇಕಿತ್ತು. ಚಾರ್ಜ್ ಆಗುವಾಗ ನೀರಿನ ಒಂದಂಶ ಜಲಜನಕ ಮತ್ತು ಆಮ್ಲಜನಕಗಳಾಗಿ ವಿಭಜನೆಯಾಗಿ ಹೊರಹೋಗುವುದೇ ಇದಕ್ಕೆ ಕಾರಣ. ನೀರಿನ ಮಟ್ಟ ಫಲಕಗಳಿಗಿಂತ ಕೆಳಗಿಳಿದರೆ ಬಯಲಾದ ಭಾಗ ಶಾಶ್ವತವಾಗಿ ಹಾಳಾಗುತ್ತದೆ. ನಲ್ಲಿಯ ನೀರಿನಲ್ಲಿರುವ ಲವಣಗಳು ಬ್ಯಾಟರಿಗೆ ಹಾನಿಕರವಾದ ಕಾರಣ ಅದನ್ನು ಬಳಸಬಾರದು. ಜಲಜನಕ ಹೊತ್ತಿಕೊಳ್ಳುವ ಅನಿಲವಾದುದರಿಂದ ಗಾಳಿಯಾಡುವ ಸ್ಥಳದಲ್ಲಿಯೇ ಚಾರ್ಜ್ ಮಾಡಬೇಕು.

ಬ್ಯಾಟರಿಯನ್ನು ಪೂರ್ತಿ ಬರಿದುಮಾಡುವುದು, ಬರಿದಾದ ಮೇಲೆ ದಿನಗಟ್ಟಲೆ ಹಾಗೆಯೇ ಬಿಡುವುದು ಅದರ ಆಯುಷ್ಯವನ್ನು ಕುಗ್ಗಿಸುತ್ತದೆ. ಆ ಸ್ಥಿತಿಯಲ್ಲಿ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂರುತ್ತದೆ. ಮತ್ತೆ ಚಾರ್ಜ್ ಮಾಡಿದರೂ ಅದು ಪೂರ್ತಿಯಾಗಿ ಕರಗುವುದಿಲ್ಲ. ರಜೆಯಲ್ಲಿ ಊರಿಗೆ ಹೋಗುವವರು ಕಾರನ್ನು ಚಾರ್ಜ್ ಮಾಡಿಯೇ ನಿಲ್ಲಿಸಬೇಕಿದ್ದುದು ಈ ಕಾರಣದಿಂದ. ಬಿಸಿ ಹವೆ ಬ್ಯಾಟರಿಯ ಸವೆತವನ್ನು ಹೆಚ್ಚಿಸಿದರೆ, ಚಳಿ ಅದರಿಂದ ದೊರೆಯುವ ವಿದ್ಯುತ್ತನ್ನು ಕಡಿಮೆ ಮಾಡುತ್ತದೆ. ಲಂಡನ್ನಿನ ಚಳಿಗಾಲದಲ್ಲಿ ಹೀಟರ್ ಬಳಕೆಯೂ ಸೇರಿಕೊಂಡು ವ್ಯಾಪ್ತಿ ಇನ್ನಷ್ಟು ತಗ್ಗುತ್ತಿತ್ತು.

ಎಂಟು ಬ್ಯಾಟರಿಗಳೂ ಒಂದೇ ಸರಣಿಯಲ್ಲಿ ಜೋಡಣೆಯಾಗಿದ್ದುದರಿಂದ ಒಂದು ದುರ್ಬಲವಾದರೂ ಇಡೀ ಕಾರಿನ ಓಟ ಕುಂಠಿತವಾಗುತ್ತಿತ್ತು. ಹಳೆಯ ಏಳರ ನಡುವೆ ಹೊಸದೊಂದನ್ನು ಹಾಕಿದರೆ ಅವುಗಳ ಚಾರ್ಜ್ ಸಮನಾಗಿರುವುದಿಲ್ಲ. ಆದಕಾರಣ ಕೆಲವು ವರ್ಷಗಳಿಗೊಮ್ಮೆ ಇಡೀ ಗುಂಪನ್ನೇ ಬದಲಿಸುವುದು ಅನಿವಾರ್ಯವಾಗುತ್ತಿತ್ತು. ಪೆಟ್ರೋಲಿನಲ್ಲಿ ಪ್ರತಿ ತಿಂಗಳೂ ಉಳಿದ ಹಣವನ್ನು ಒಂದೇ ಬಾರಿಗೆ ಕೇಳುವ ಈ ವೆಚ್ಚವನ್ನು ಲೆಕ್ಕಕ್ಕೆ ಹಿಡಿಯದೆ ಕೊಂಡವರಿಗೆ ಕಾರು ದುಬಾರಿಯಾಗಿ ಕಂಡಿತು. ಹಳೆಯ ರೇವಾದ ಮರುಮಾರಾಟದ ಬೆಲೆಯೂ ಬ್ಯಾಟರಿಯ ಉಳಿದ ಆಯುಷ್ಯವನ್ನೇ ಅವಲಂಬಿಸಿತ್ತು. ಸವೆದ ಬ್ಯಾಟರಿಯಲ್ಲಿನ ಸೀಸಕ್ಕೆ ಗುಜರಿ ಬೆಲೆ ಇರುತ್ತದೆ. ಆದರೆ ಸೀಸ ಮತ್ತು ಗಂಧಕಾಮ್ಲ ಎರಡೂ ಅಪಾಯಕಾರಿಯಾದ ಕಾರಣ ಅದನ್ನು ಅಧಿಕೃತ ಮರುಬಳಕೆದಾರರಿಗೇ ಒಪ್ಪಿಸಬೇಕು.

ದುರಸ್ತಿ

ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಹೊಗೆ ಕೊಳವೆಗಳಿಲ್ಲದ ಕಾರಣ ರೇವಾದಲ್ಲಿ ಸವೆಯುವ ಭಾಗಗಳು ಕಡಿಮೆ. ಎಂಜಿನ್ ಆಯಿಲ್ ಬದಲಿಸುವ ಕೆಲಸವೂ ಇರಲಿಲ್ಲ. ಆದರೆ ಮೋಟಾರು ನಿಯಂತ್ರಕವಾಗಲಿ ಚಾರ್ಜರ್ ಆಗಲಿ ಕೆಟ್ಟರೆ ಬೀದಿಬದಿಯ ಗ್ಯಾರೇಜಿನಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಉತ್ಪಾದನೆ ನಿಂತ ಮೇಲೆ ಬಿಡಿಭಾಗಗಳ ಲಭ್ಯತೆಯೂ ಸಮಸ್ಯೆಯಾಯಿತು. ಕೆಲವು ಮಾಲೀಕರು ಸೀಸ-ಆಮ್ಲ ಬ್ಯಾಟರಿಯ ಜಾಗದಲ್ಲಿ ಲಿಥಿಯಂ ಬ್ಯಾಟರಿಗಳನ್ನು ಅಳವಡಿಸಿ ಕಾರನ್ನು ಉಳಿಸಿಕೊಂಡಿದ್ದಾರೆ. ಹೀಗೆ ಮಾಡುವಾಗ ಚಾರ್ಜರನ್ನೂ ಬದಲಿಸಿ, ಪ್ರತಿ ಕೋಶವನ್ನು ಗಮನಿಸುವ ನಿರ್ವಹಣಾ ವ್ಯವಸ್ಥೆಯನ್ನು ಸೇರಿಸಬೇಕಾಗುತ್ತದೆ.

ಸುರಕ್ಷತೆಯ ವಿವಾದ

ಯುರೋಪಿನಲ್ಲಿ ರೇವಾ ಕಾನೂನಿನ ಪ್ರಕಾರ ಕಾರಲ್ಲ, 'ಭಾರಿ ಕ್ವಾಡ್ರಿಸೈಕಲ್'. ಬ್ಯಾಟರಿ ಹೊರತುಪಡಿಸಿ 400 ಕಿಲೋಗ್ರಾಂ ತೂಕ ಹಾಗೂ 15 ಕಿಲೋವ್ಯಾಟ್ ಶಕ್ತಿಯನ್ನು ಮೀರದ ನಾಲ್ಕು ಚಕ್ರದ ವಾಹನಗಳು ಆಗ ಈ ವರ್ಗಕ್ಕೆ ಸೇರುತ್ತಿದ್ದವು. ಇವುಗಳಿಗೆ ಸಾಮಾನ್ಯ ಕಾರುಗಳಂತೆ ಅಪಘಾತ ಪರೀಕ್ಷೆ ಕಡ್ಡಾಯವಾಗಿರಲಿಲ್ಲ. 2007ರಲ್ಲಿ ಬ್ರಿಟನ್ನಿನ 'ಟಾಪ್ ಗೇರ್' ನಿಯತಕಾಲಿಕ ಮತ್ತು ಅಲ್ಲಿನ ಸಾರಿಗೆ ಇಲಾಖೆ ಬೇರೆಬೇರೆಯಾಗಿ ನಡೆಸಿದ ಪರೀಕ್ಷೆಗಳು ಡಿಕ್ಕಿಯ ಸಂದರ್ಭದಲ್ಲಿ ಪ್ರಯಾಣಿಕರಿಗಿರುವ ರಕ್ಷಣೆಯ ಬಗ್ಗೆ ತೀವ್ರ ಆತಂಕವನ್ನು ಹುಟ್ಟಿಸಿದವು. ನಗರದ ಕಡಿಮೆ ವೇಗದ ಸಂಚಾರಕ್ಕೆ ಈ ವಾಹನ ಸೂಕ್ತವೆಂಬುದು ಮಾರಾಟಗಾರರ ಪಕ್ಷದ ವಾದವಾಗಿತ್ತು. ನಂತರದ ಮಾದರಿಯಲ್ಲಿ ಮುಂಭಾಗದ ಚೌಕಟ್ಟನ್ನು ಬಲಪಡಿಸಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸಲಾಯಿತು. 2010ರ ಅಕ್ಟೋಬರ್‌ನಲ್ಲಿ ಲಂಡನ್ನಿನಲ್ಲಿ ಮತ್ತೊಂದು ಕಾರಿನೊಂದಿಗೆ ಸಂಭವಿಸಿದ ಡಿಕ್ಕಿಯಲ್ಲಿ ಜಿ-ವಿಜ್ ಚಲಾಯಿಸುತ್ತಿದ್ದವರೊಬ್ಬರು ಮೃತಪಟ್ಟ ಬಳಿಕ ಈ ವರ್ಗದ ವಾಹನಗಳ ಸುರಕ್ಷತೆಯ ಚರ್ಚೆ ಮತ್ತೆ ಮುನ್ನೆಲೆಗೆ ಬಂದಿತು.

ನಂತರದ ಬೆಳವಣಿಗೆಗಳು

ರೇವಾದ ಕಾಲದಲ್ಲಿ ಇಲ್ಲದಿದ್ದ ಹಲವು ಅನುಕೂಲಗಳು ಮುಂದಿನ ದಶಕದಲ್ಲಿ ಒದಗಿದವು. ಕರ್ನಾಟಕವು 2017ರಲ್ಲಿ ವಿದ್ಯುತ್ ವಾಹನ ಮತ್ತು ಇಂಧನ ಸಂಗ್ರಹಣಾ ನೀತಿಯನ್ನು ಪ್ರಕಟಿಸಿ, ಇಂತಹ ನೀತಿ ತಂದ ದೇಶದ ಮೊದಲ ರಾಜ್ಯವೆನಿಸಿತು. 2018ರ ಏಪ್ರಿಲ್‌ನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯವು ವಾಹನ ಚಾರ್ಜಿಂಗ್ ಒಂದು ಸೇವೆಯೇ ಹೊರತು ವಿದ್ಯುತ್ ಮಾರಾಟವಲ್ಲ, ಅದಕ್ಕೆ 2003ರ ವಿದ್ಯುತ್ ಕಾಯ್ದೆಯಡಿ ಪರವಾನಗಿ ಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಇದರಿಂದ ಹೋಟೆಲು, ಪೆಟ್ರೋಲ್ ಬಂಕು, ಮಳಿಗೆಗಳು ಚಾರ್ಜಿಂಗ್ ಕೇಂದ್ರ ತೆರೆಯಲು ದಾರಿಯಾಯಿತು. ಅದೇ ವರ್ಷ ವಿದ್ಯುತ್ ವಾಹನಗಳಿಗೆ ಹಸಿರು ನೋಂದಣಿ ಫಲಕ ಜಾರಿಗೆ ಬಂದಿತು. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಮೇಲಿನ ಜಿಎಸ್‌ಟಿಯನ್ನು ಶೇಕಡ 12ರಿಂದ 5ಕ್ಕೆ ಇಳಿಸಲಾಯಿತು. ಕರ್ನಾಟಕದಲ್ಲಿ ವಿದ್ಯುತ್ ಕಾರುಗಳಿಗಿದ್ದ ರಸ್ತೆ ತೆರಿಗೆ ವಿನಾಯಿತಿಯನ್ನು 2024ರಲ್ಲಿ ಪರಿಷ್ಕರಿಸಿ, 25 ಲಕ್ಷ ರೂಪಾಯಿಗೂ ಮೀರಿದ ಬೆಲೆಯ ಕಾರುಗಳಿಗೆ ಶೇಕಡ 10ರಷ್ಟು ಆಜೀವ ತೆರಿಗೆ ವಿಧಿಸಲಾಯಿತು.

ಬ್ಯಾಟರಿಯಲ್ಲಿನ ಬದಲಾವಣೆ ಇನ್ನೂ ದೊಡ್ಡದು. 2020ರ ಜನವರಿಯಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ಇವಿ ಕಾರಿನ ಬ್ಯಾಟರಿ ಸಾಮರ್ಥ್ಯ 30.2 ಯೂನಿಟ್, ಅಂದರೆ ರೇವಾದ ಮೂರು ಪಟ್ಟಿಗೂ ಹೆಚ್ಚು. ಅದರ ಪ್ರಮಾಣಿತ ವ್ಯಾಪ್ತಿ 312 ಕಿಲೋಮೀಟರ್. ಇಂತಹ ಕಾರುಗಳ ಬ್ಯಾಟರಿಗೆ ನೀರು ತುಂಬುವ ಕೆಲಸವಿಲ್ಲ. ಆದರೂ ಪ್ರಮಾಣಿತ ವ್ಯಾಪ್ತಿಗೂ ರಸ್ತೆಯ ಮೇಲಿನ ವ್ಯಾಪ್ತಿಗೂ ಇರುವ ಅಂತರ, ಮನೆಯ ಬಳಿ ಸಾಕೆಟ್ಟಿನ ಲಭ್ಯತೆ, ಬ್ಯಾಟರಿ ಬದಲಾವಣೆಯ ವೆಚ್ಚ, ಮರುಮಾರಾಟದ ಬೆಲೆ ಈ ನಾಲ್ಕು ಪ್ರಶ್ನೆಗಳು ಬೇರೆ ಪ್ರಮಾಣದಲ್ಲಿ ಇಂದಿಗೂ ಉಳಿದಿವೆ.

ಇವನ್ನೂ ನೋಡಿ

• ವಿದ್ಯುತ್ ವಾಹನ
• ಸೀಸ-ಆಮ್ಲ ಬ್ಯಾಟರಿ
• ಲಿಥಿಯಂ-ಅಯಾನ್ ಬ್ಯಾಟರಿ
• ಬೊಮ್ಮಸಂದ್ರ